ಕಾರ್ಡಿನ ಮೇಲೆ ಉಂಡ ಹೋಳಿಗೆ

ಕಿಣ್ಣಿ ಸುಲ್ತಾನ
೧೨ ನವೆಂಬರ್ ೨೦೨೪, ಮಂಗಳವಾರ

ನನ್ನ ಮಗಳು ಶಿವಕಾಂತಾಗೆ,

ಅಪ್ಪನಿಗೆ ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನೀನು ನಗಬಹುದು. ನಿಮ್ಮ ಅಫಜಲಪುರದ ಮನೆಗೆ ಫೋನ್ ಹಚ್ಚಿದರೆ ನಿನ್ನ ಅತ್ತೆ ಗಂಗುಬಾಯಿಯವರು ಸ್ಪೀಕರ್ ಹಾಕಿಸಿ, ಎಲೆ ಅಡಿಕೆ ಮೆಲ್ಲುತ್ತ ಪಕ್ಕದಲ್ಲೇ ಕೂಡುತ್ತಾರೆ. ಆ ಬೀಗತಿಯ ಕಿವಿಗೆ ಬೀಳಬಾರದ ಮಾತಿದೆ. ನಮ್ಮ ಪಕ್ಕದ ಮನೆಯ ಮಲ್ಲಣ್ಣ ನಾಳೆ ನಿಮ್ಮೂರ ಬಾಜಾರಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅವನಿಗೆ ಓದಲು ಬರುವುದಿಲ್ಲ, ಅದೇ ಅವನ ದೊಡ್ಡ ಗುಣ.

ಮೊದಲು ಆ ಯೂನಿವರ್ಸಿಟಿಯವರ ಮಾತು. ಬಸುರಿಯರ ಸಕ್ಕರೆ ನೋಡುತ್ತೇವೆಂದು ಜೀಪು ತಗೊಂಡು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ತಿರುಗುವ ಆ ತಂಡವನ್ನು ನೆನೆದರೇ ನನ್ನ ಮೈ ಉರಿಯುತ್ತದೆ. ಎಮ್ಮೆಯ ಕಿವಿಗೆ ಬಿಲ್ಲೆ ಹೊಡೆದಂತೆ ಹೆಣ್ಣುಮಕ್ಕಳಿಗೆ ನಂಬರು ಕೊಡುತ್ತಾರೆ. ನನ್ನ ಮಗಳಾದ ನಿನಗೆ ನೂರಾ ಹದಿನಾಲ್ಕು. ಅವರ ಮುಖಂಡ ಅನೀಲಕುಮಾರನಿಗೆ ಜೋಳ ಯಾವ ತಿಂಗಳು ಬಿತ್ತುತ್ತಾರೆ ಗೊತ್ತಿಲ್ಲ, ಆದರೆ ರೊಟ್ಟಿ ಎಷ್ಟು ಗ್ರಾಂ ಅಂತ ನನ್ನನ್ನೇ ಕೇಳಿದ. ಇದು ಇವರ ರಿಸರ್ಚ್. ನಾವು ಬಿ.ಎ. ಎರಡನೇ ವರ್ಷದಲ್ಲಿ ಅಬ್ಸರ್ವೇಶನ್, ಇನ್‌ಫರೆನ್ಸ್ ಅಂತ ಓದಿದ್ದೆವು. ಮೂರನೆಯದೂ ಒಂದಿತ್ತು, ನೆನಪಾಗುತ್ತಿಲ್ಲ. ಇವರಿಗೆ ಮೊದಲನೆಯದೇ ಇಲ್ಲ.

ಬಯಕೆ ಊಟ ಉಣಿಸಬೇಕೆಂದು ಹದಿನೈದು ದಿನ ತವರಿಗೆ ಕರೆತಂದ ನಿನ್ನನ್ನು ಬೆಳಿಗ್ಗೆ ಬರೇ ಹೊಟ್ಟೆಯಲ್ಲಿ ಶಾಲೆಯ ಖೋಲಿಗೆ ಕರೆದರು. ಒಂದು ಗ್ಲಾಸು ಸಕ್ಕರೆ ನೀರು ಕುಡಿಸಿದರು, ಮೂರು ಸಲ ಚುಚ್ಚಿದರು. ಬಸುರಿಯನ್ನು ಉಪವಾಸ ಕೂಡಿಸುವುದು ಯಾವ ಶಾಸ್ತ್ರ? ನೆತ್ತರು ತೆಗೆಯುವ ನರ್ಸ್ ನಿಶಾತ ನನ್ನ ಹತ್ತಿರ ಬಂದು, ತೀರಿಕೊಂಡ ನಿನ್ನ ಅವ್ವನಿಗೆ ಸಕ್ಕರೆ ಇತ್ತೇ, ಭಾರದ ಕೂಸು ಹುಟ್ಟಿತ್ತೇ, ಹುಟ್ಟಿ ಸತ್ತದ್ದುಂಟೇ ಅಂತ ಕೇಳಿದಳು. ‘ಸತ್ತಾಕಿ ಸಕ್ಕರಿ ತಗೊಂಡು ಏನ್ ಮಾಡ್ತಿ ಬೇ, ಚಾಕ್ಕ ಹಾಕ್ತಿಯೇನು’ ಅಂದೆ. ಅವಳು ಸಿಟ್ಟಾಗಲಿಲ್ಲ. ‘ಕಾಕಾ, ಹೌದೋ ಇಲ್ಲೋ, ಅಷ್ಟ ಹೇಳ್ರಿ’ ಅಂದಳು. ಇಲ್ಲ ಅಂದೆ.

ಆಮೇಲೆ ಆ ಕಾರ್ಡು. ಏಳು ದಿನ ಏನು ಉಂಡಿ ಅಂತ ಬರೆಯುವ ಕಾರ್ಡು. ನೀನು ತಲೆ ತಿರುಗಿ ಮಲಗಿದ್ದೆ. ‘ಇಂಗ್ಲಿಷ್ ಬರ್ತದೇನ್ರಿ ಅಜ್ಜಾ?’ ಅಂದ ಅನೀಲಕುಮಾರ. ಇನ್ನೂ ಅರವತ್ತು ದಾಟದ ನನಗೆ ಅಜ್ಜಾ. ಅವನ ಕೈಯ ಪೆನ್ನು ಕಸಿದುಕೊಂಡು ಬರೆದೆ. ಈಗ ಆ ಮಾತಿಗೇ ಬಂದೆ, ತಾಯಿ.

ನಮ್ಮ ಮನೆಯಲ್ಲಿ ನೀನು ಏನು ಉಂಡೆ ಅಂತ ನನಗೂ ನಿನಗೂ ಗೊತ್ತು. ನಾನು ಬಡಿದ ರೊಟ್ಟಿ. ನೀನೇ ನಕ್ಕು, ‘ಅಪ್ಪಾ, ಇದು ರೊಟ್ಟಿ ಅಲ್ಲ, ಶಹಾಬಾದದ ಪರಸಿ ಕಲ್ಲು’ ಅಂದಿದ್ದೆ. ಪುಂಡಿಪಲ್ಯ, ಹಿಟ್ಟಿನ ಪಲ್ಯ, ಮಜ್ಜಿಗೆ. ಮಾದಲಿ ಮಾಡಲು ಹೋಗಿ ಬೆಲ್ಲ ಹತ್ತಿಸಿ ಹೊರಗೆ ಚೆಲ್ಲಿದೆ. ನಾಯಿಯೂ ಮೂಸಲಿಲ್ಲ. ಹೆಣ್ಣಿಲ್ಲದ ಮನೆ, ಬಯಕೆಗೆ ಕರೆದು ಪುಂಡಿಪಲ್ಯ ಹಾಕಿ ಕಳಿಸಿದರು ಅಂತ ಒಂದು ಕಾಗದದ ಮೇಲೆ ಬರೆದಿಡಲೇ? ಆ ಕಾಗದ ನಾಳೆ ನಿಮ್ಮೂರಿಗೇ ಹೋಗುವುದು, ನಿನ್ನ ಅತ್ತೆಯ ಮುಂದೆಯೇ ಬಿಚ್ಚುವರು. ಬರೆದೆ: ಸೋಮವಾರ ಸ್ವೀಟ್ ಪೋಳಿ ವಿತ್ ಘೀ, ಎರಡು. ಮಂಗಳವಾರ ಮಾದಲಿ ವಿತ್ ಮಿಲ್ಕ್. ಬುಧವಾರ ಶಾವಿಗೆ ಪಾಯಸ. ಹೀಗೆ ಏಳು ದಿನ. ಬರೆಯುತ್ತ ನನ್ನ ಬಾಯಲ್ಲೇ ನೀರೂರಿತು.

ನಿನ್ನ ಸಕ್ಕರೆ ಬಹಳ ಇದೆ ಅಂತ ಬಂತಲ್ಲ, ಆ ಜಾಣರು ಮಾಡಿದ್ದೇನು? ಕಾರ್ಡು ನೋಡಿ, ಇಷ್ಟು ಸಿಹಿ ತಿಂದರೆ ಮತ್ತೇನಾದೀತು, ಸಿಹಿ ಬಿಡಲಿ, ಒಂದು ತಿಂಗಳು ಬಿಟ್ಟು ನೋಡೋಣ, ಮದ್ದು ಈಗ ಬೇಡ ಅಂದರಂತೆ. ಅಳಿಯ ಪರಮೇಶ ಫೋನಿನಲ್ಲಿ ಹೇಳಿದ. ನಿನ್ನ ಅತ್ತೆ, ‘ಬೀಗರ ಹೋಳಿಗಿ ನಮ್ಮ ಸೊಸಿ ನೆತ್ತರಿಗೇರ್ಯಾವು’ ಅಂದರಂತೆ. ನೀನು ತಲೆ ತಗ್ಗಿಸಿ ಸುಮ್ಮನೆ ಕೂತೆಯಂತೆ.

ಯಾಕೆ ಸುಮ್ಮನಿದ್ದೆ ಅಂತ ನನಗೆ ತಿಳಿಯುತ್ತದೆ. ಅಪ್ಪನ ಮಾನ. ನನ್ನ ಮಾನದ ತೂಕ ಎಷ್ಟು ಗ್ರಾಂ ಅಂತ ಆ ಅನೀಲಕುಮಾರ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಒಂದು ಹೋಳಿಗೆಯಷ್ಟೂ ಇಲ್ಲ ಅಂತ.

ನೀನು ತಿಂದೇ ಇಲ್ಲದ ಸಿಹಿಯನ್ನು ಬಿಡುವುದು ಹೇಗೆ ಮಗಳೇ? ಬಿಟ್ಟರೆ ಇಳಿಯುವುದಾದರೂ ಏನು? ಪುಂಡಿಪಲ್ಯ ತಿಂದೂ ಸಕ್ಕರೆ ಏರಿದೆ ಅಂದರೆ ಅದು ಅಡುಗೆಮನೆಯಿಂದ ಬಂದದ್ದಲ್ಲ. ಇಷ್ಟು ನನ್ನ ಹಳೆಯ ಇನ್‌ಫರೆನ್ಸಿಗೂ ಹೊಳೆಯುತ್ತದೆ. ಇಲ್ಲಿದ್ದಾಗ ನೀನು ಚರಿಗೆ ಮೇಲೆ ಚರಿಗೆ ನೀರು ಕುಡಿಯುವುದನ್ನು ನೋಡಿದೆ. ಬಿಸಿಲು ಅಂದುಕೊಂಡೆ.

ಆ ಜೀಪು ಗುರುವಾರ ನಿಮ್ಮೂರಲ್ಲಿರುತ್ತದೆ, ಮರುದಿನ ಜೇವರ್ಗಿಗೆ ಹೋದರೆ ಒಂದು ತಿಂಗಳು ಈ ಕಡೆ ಬರುವುದಿಲ್ಲ. ನಿನಗೀಗ ಏಳು ತಿಂಗಳು. ಗುರುವಾರವೇ ಹೋಗು. ಕಾರ್ಡು ಸುಳ್ಳು ಅಂತ ಹೇಳು. ಹೇಳಲು ನಾಚಿಕೆಯಾದರೆ ಈ ಕಾಗದವನ್ನೇ ನಿಶಾತಳ ಕೈಗೆ ಕೊಡು. ಅವರನ್ನು ಬೈದದ್ದನ್ನೂ ಓದಿಕೊಳ್ಳಲಿ, ಒಂದಕ್ಷರ ವಾಪಸು ತಗೊಳ್ಳುವುದಿಲ್ಲ. ಅತ್ತೆಗೂ ಓದಿ ಹೇಳು ಬೇಕಾದರೆ. ಮೇಲೆ ಅವರ ಕಿವಿಗೆ ಬೀಳಬಾರದು ಅಂತ ಬರೆದೆನಲ್ಲ, ಅದನ್ನು ಹೊಡೆದು ಹಾಕು.

ಪರಸಿ ರೊಟ್ಟಿಯ ನಿನ್ನ ಅಪ್ಪ,
ದೌಲತರಾಯ

ತಾ.ಕ.: ಭಾರದ ಕೂಸು, ಹುಟ್ಟಿ ಸತ್ತದ್ದು ಅಂತ ನಿಶಾತ ಕೇಳಿದ ಆ ಪ್ರಶ್ನೆಗೆ ‘ಹೌದು’ ಅಂತ ಬರೆಸು. ನಿನಗಿಂತ ಎರಡು ವರ್ಷ ಮೊದಲು ನಿನ್ನ ಅಣ್ಣ ಹುಟ್ಟಿದ್ದ. ಆ ಬಸುರಿನಲ್ಲಿ ನಿಮ್ಮವ್ವ ಗೌರಾಬಾಯಿಯೂ ಹೀಗೇ ನೀರು ಕುಡಿಯುತ್ತಿದ್ದಳು. ಐದು ಕಿಲೋಕ್ಕೆ ಸ್ವಲ್ಪ ಕಡಿಮೆ ಅಂದಳು ಸೂಲಗಿತ್ತಿ ರೇವಮ್ಮ. ತೂಕ ಕೇಳಿದ್ದೇ ಪೇಢೆ ತರಲು ಆಳಂದಕ್ಕೆ ಓಡಿದೆ. ಕೂಸು ಅತ್ತಿತೋ ಇಲ್ಲವೋ ಅಂತ ಕೇಳಲೇ ಇಲ್ಲ.