ಅಜ್ಜಿ ಯಾಕೆ ಅಳುತ್ತಾ ಬಂದಳು

ದಿಲ್‌ಸುಖ್‌ನಗರ,
೯ ಮಾರ್ಚ್ ೨೦೨೫

ಸುಮಂತ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ನಿನ್ನ ನಂಬರನ್ನು ಬ್ಲಾಕ್ ಮಾಡಿ ಕೂತವಳಿಗೆ ಆ ಮಾತು ಯಾಕೆ? ಈಗ ಬ್ಲಾಕ್ ತೆಗೆದಿದ್ದೇನೆ, ಆದರೆ ಫೋನ್ ಮಾಡಲು ಮುಖವಿಲ್ಲ. ಅದಕ್ಕೇ ಈ ಕಾಗದ.

ಮೊನ್ನೆ ನಮ್ಮಜ್ಜಿ ಗಂಗಾಬಾಯಿ ನಿಮ್ಮ ಮನೆ ಬಾಗಿಲಲ್ಲಿ ನಿಂತು ಗೋಳೋ ಎಂದು ಅತ್ತಳಲ್ಲ, ಅದಕ್ಕೆ ಕಾರಣ ನಾನು.

ಕೋಚಿಂಗ್ ಸೆಂಟರಿನಲ್ಲಿ ನಾನು ಇಂಗ್ಲಿಷ್ ಹೇಳಿಕೊಡುವುದು ನಿನಗೆ ಗೊತ್ತು. ಈಗ ಅಡ್ವಾನ್ಸ್ಡ್ ಬ್ಯಾಚಿಗೆ ಡೇಟಿಂಗ್ ಪದಗಳ ಪಾಠ: ಘೋಸ್ಟಿಂಗ್, ಬ್ರೆಡ್‌ಕ್ರಂಬಿಂಗ್, ಸಿಚುಯೇಷನ್‌ಶಿಪ್. ಹೇಳದೆ ಕೇಳದೆ ಮಾತು ಬಿಟ್ಟು ಮಾಯವಾಗುವುದೇ ಘೋಸ್ಟಿಂಗ್ ಎಂದು ವಿವರಿಸುವಾಗ ನನ್ನ ದನಿ ಒಂಚೂರೂ ನಡುಗಲಿಲ್ಲ. ಎಂಥ ಭಂಡತನ ನೋಡು!

ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಮದುವಿ ಮಾತಾಡಾಕ ಬರ್ತೀನಿ ಅಂತ ನೀನು ಹೇಳಿದ ಹೊತ್ತಿಗೆ ಗಚ್ಚಿಬೌಲಿಯ ಒಬ್ಬನ ಜೊತೆ ಡೇಟಿಂಗ್ ಆ್ಯಪ್‌ನಲ್ಲಿ ನನ್ನ ಮಾತುಕತೆ ಶುರುವಾಗಿತ್ತು. ಅವನ ಕಾರು, ಫ್ಲಾಟು ನೋಡಿ ಮರುಳಾದೆ. ನಿನಗೆ ಬೇಡ ಎನ್ನುವಷ್ಟೂ ಧೈರ್ಯ ಸಾಲದೆ ಬ್ಲಾಕ್ ಮಾಡಿದೆ. ಆಮೇಲೆ ಅವನೇ ನನಗೆ ಕೈಕೊಟ್ಟ. ಅಳುತ್ತಾ ಕೂತವಳನ್ನು ಅಜ್ಜಿ ಏನಾಯಿತೆಂದು ಕೇಳಿದಳು. ಆ ಇನ್ನೊಬ್ಬನ ವಿಷಯ ಮನೆಯವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ನೀನೊಬ್ಬನೇ. ಸುಮಂತ ಘೋಸ್ಟ್ ಮಾಡಿದ ಎಂದುಬಿಟ್ಟೆ. ಹಂಗಂದ್ರೇನವ್ವಾ ಅಂತ ಅವಳು ಬಿಡಲಿಲ್ಲ. ಘೋಸ್ಟ್ ಅಂದ್ರ ದೆವ್ವ, ಅವ ದೆವ್ವ ಆಗ್ಯಾನ, ಸಾಕಾತಿಲ್ಲೋ ಅಂತ ರೇಗಿ ಬಾಗಿಲು ಹಾಕಿಕೊಂಡೆ.

ದೆವ್ವ ಆಗಬೇಕಾದರೆ ಮನುಷ್ಯ ಮೊದಲು ಸಾಯಬೇಕಲ್ಲ! ನೀನು ತೀರಿಹೋದೆ ಎಂದುಕೊಂಡ ಅಜ್ಜಿ, ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರಬೇಕೆಂದು, ಬೆಳಿಗ್ಗೆ ಯಾರಿಗೂ ಹೇಳದೆ ಮೆಟ್ರೋ ಹತ್ತಿ ಕೂಕಟ್‌ಪಲ್ಲಿಗೆ ಬಂದಳು. ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ನನ್ನ ಜೊತೆ ಬಂದಿದ್ದರಿಂದ ನಿಮ್ಮ ಮನೆ ಗೊತ್ತಿತ್ತು. ಬಾಗಿಲು ತೆಗೆದ ನಿಮ್ಮವ್ವನ ಕೊರಳು ತಬ್ಬಿ, ಹೆಂಗ ತಡಕೊಂಡಿ ತಂಗಿ ಅಂತ ಅತ್ತಳಂತೆ. ಒಳಗಿನಿಂದ ನೀನು ಚಹಾ ಕಪ್ಪು ಹಿಡಿದು ಬಂದೆಯಂತೆ.

ಸುಧಾರಿಸಿಕೊಂಡ ಮೇಲೆ ಅಜ್ಜಿ ನಿನ್ನನ್ನೇ ದಬಾಯಿಸಿದಳಂತೆ: ಮತ್ತ ನಮ್ಮ ಹುಡುಗಿ ಯಾಕ ಅಳಾಕತ್ತಾಳ, ಏನ್ ಮಾಡೀದಿ ಅಂತ. ನೀನು ಫೋನ್ ತೆಗೆದು ತೋರಿಸಬಹುದಿತ್ತು. ನನಗೆ ತಲುಪದೆ ಒಂದೇ ಟಿಕ್ ಬಿದ್ದ ನಿನ್ನ ಮೆಸೇಜುಗಳೆಲ್ಲ ಅದರಲ್ಲೇ ಇದ್ದವು. ಆದರೆ, ತಪ್ಪು ನಂದ ಐತ್ರಿ ಅಜ್ಜಿ ಅಂದೆಯಂತೆ. ಉಪ್ಪಿಟ್ಟು ತಿನ್ನಿಸಿ ಮೆಟ್ರೋವರೆಗೂ ಬಿಟ್ಟು ಹೋದೆಯಂತೆ. ಅದನ್ನು ಕೇಳುವಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಪ್ಪು ಪೂರ್ತಿ ನನ್ನದು, ಸುಮಂತ. ಇವತ್ತು ಮನೆಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡೆ. ನೀನು ಮತ್ತೆ ಬೇಕು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಬೇಕು ಅನ್ನಿಸುತ್ತದೆ, ಅದು ಬೇರೆ ಮಾತು. ನಿನ್ನ ಮತ್ತು ನಿಮ್ಮವ್ವನ ಎದುರು ನಿಂತು ಕ್ಷಮೆ ಕೇಳಲು ಒಂದು ಅವಕಾಶ ಕೊಡು, ಸಾಕು.

ತಲೆ ತಗ್ಗಿಸಿ,
ನೇತ್ರಾ

ತಾ.ಕ.: ಇದನ್ನು ಅಜ್ಜಿಗೆ ಓದಿ ಹೇಳಿದೆ. ಬದುಕಿದ್ದವರ ಮನಿಗೆ ಕಾಗದ ಯಾಕ ಕಳಸ್ತಿ, ನಿನಗ ಕಾಲಿಲ್ಲೇನು ಅಂತ ಬೈದು ಎಳೆದುಕೊಂಡು ಬಂದಿದ್ದಾಳೆ. ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೇ ನಿಂತಿದ್ದೇವೆ. ಕಾಗದವನ್ನು ವಾಚ್‌ಮನ್ ಕೈಯಲ್ಲಿ ಮೇಲೆ ಕಳಿಸುತ್ತಿದ್ದೇನೆ. ನೀನು ಇಳಿದು ಬಾರದಿದ್ದರೂ ಅದಕ್ಕೆ ನಾನು ಯಾವ ಇಂಗ್ಲಿಷ್ ಹೆಸರೂ ಇಡುವುದಿಲ್ಲ.