ಕಂಪನಿ ಬಿಡು ಅಜ್ಜಿ, ನಂಬರ್ ಬಿಡಬೇಡ

ಕ್ರಿಸ್ತಶಕ 2161, ಹದಿಮೂರನೆಯ ತಿಂಗಳು, ತಾರೀಖು ಒಂಬತ್ತು
ಕದ್ರಾ ಮೇಲ್ದಂಡೆ, ಕಾಳಿ ನದಿ

ಸವಣೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಡಿಗೆ ಪಾತ್ರೆಗಳ ಅಂಗಡಿ ನಡೆಸುವ ದ್ಯಾಮವ್ವ ಕಂಚಗಾರ ಅವರಿಗೆ, ಅವರ ಮೊಮ್ಮಗಳ ಮರಿಮಗ ಮಾಡುವ ನಮಸ್ಕಾರಗಳು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದದಲ್ಲಿ ನಿನಗೆ ತಿಳಿಯದ ಮಾತುಗಳು ಬಂದರೆ ಅದು ನನ್ನ ತಪ್ಪಲ್ಲ, ನಮ್ಮಿಬ್ಬರ ನಡುವೆ ಹಾದುಹೋದ ನೂರಾ ಮೂವತ್ತೈದು ವರ್ಷಗಳದ್ದು. ತಾರೀಖು ನೋಡಿ ಬರೆದವನಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ, ಕೊನೆಯಲ್ಲಿ ಉಳಿಯುವ ಒಂದು ದಿನಕ್ಕೆ ‘ಖಾಲಿ ದಿನ’ ಎಂದು ಹೆಸರು. ಹೀಗೇಕೆ ಎಂದು ಕೇಳಿದರೆ ಪಂಡಿತರು ಚಂದ್ರನನ್ನು ತೋರಿಸುತ್ತಾರೆ. ಏಳನೆಯ ಇಯತ್ತೆಯಲ್ಲಿ ನಾನು ಎದ್ದು ನಿಂತು, ಚಂದ್ರನಿಗೂ ಇದಕ್ಕೂ ಸಂಬಂಧವಿಲ್ಲ, ಹಿಂದಿನ ಕಾಲದ ಫೋನ್ ಕಂಪನಿಗಳು ತಿಂಗಳ ರೀಚಾರ್ಜ್ ಎಂದು ಹೇಳಿ ಇಪ್ಪತ್ತೆಂಟು ದಿನ ಕೊಡುತ್ತಿದ್ದವು, ಜನರಿಗೆ ಅದೇ ರೂಢಿಯಾಯಿತು ಎಂದೆ. ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೆ ನಿಂತವನ ಮಾತೇ ಸರಿ ಎಂದು ಆಮೇಲೆ ಸಾಬೀತಾಯಿತು. ನನ್ನ ಓದು ಅಲ್ಲಿಗೇ ಮುಗಿಯಿತು, ಮುಂದೆ ಕಲಿಸುವುದಕ್ಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ.

ನಿನಗೆ ಮೊಮ್ಮಗಳೇ ಇಲ್ಲ ಎನ್ನುತ್ತೀಯೆಂದು ಗೊತ್ತು. ತಾಳು, ಆ ಸುದ್ದಿಗೇ ಬರುತ್ತಿದ್ದೇನೆ. ರಕ್ತದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಯ ಅಜ್ಜಿ. ವಯಸ್ಸಿನ ಲೆಕ್ಕದಲ್ಲಿ ಈ ಹೊತ್ತು ನಿನಗೆ ಐವತ್ತೆರಡು, ನನಗೆ ಅರವತ್ತೊಂದು. ಕಾಲಿಗೆ ಬೀಳಬೇಕೋ ಬುದ್ಧಿ ಹೇಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೇನೆ. ನನ್ನ ಹೆಸರನ್ನು ಮಾತ್ರ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಓದದೆ ಹರಿದು ಹಾಕುತ್ತೀ. ಸದ್ಯಕ್ಕೆ ಊರೆಲ್ಲ ಕರೆಯುವಂತೆ ಕಾಕಾ ಎಂದುಕೋ.

ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಫೋನುಗಳಿಲ್ಲ. ಊರ ನಡುವೆ ಹಳೆಯ ಟವರಿನ ಬುಡದಲ್ಲಿ ಒಂದು ‘ನುಡಿಗೂಡು’ ಇದೆ, ಇಬ್ಬರು ನಿಲ್ಲುವಷ್ಟು ಮಣ್ಣಿನ ಕೋಣೆ. ಒಳಗೆ ನಿಂತು ಊರ ಹೆಸರು, ಮನೆಯ ಹೆಸರು ಹೇಳಿದರೆ ಆ ಊರಿನ ಗೂಡಿನಲ್ಲಿ ಗಂಟೆ ಹೊಡೆಯುತ್ತದೆ, ಅಲ್ಲಿಯವರು ಓಡಿ ಬರುತ್ತಾರೆ. ಅಳತೆ ನಿಮಿಷದ್ದಲ್ಲ, ಉಸಿರಿನದ್ದು. ಮಾತಿನ ನಡುವೆ ಒಮ್ಮೆ ಉಸಿರು ಎಳೆದುಕೊಂಡರೆ ಗೋಡೆಯ ಮೇಲಿನ ಮಣಿಯೊಂದು ಸರಿಯುತ್ತದೆ. ಮನೆಗೆ ತಿಂಗಳಿಗೆ ಇನ್ನೂರು ಉಸಿರು ಇತ್ತು. ಹೋದ ವರ್ಷ ಪಂಚಾಯ್ತಿಯವರು ಅದನ್ನು ನೂರಾ ಅರವತ್ತಕ್ಕೆ ಇಳಿಸಿ, ಅದಕ್ಕೆ ‘ಸುಧಾರಿತ ಯೋಜನೆ’ ಎಂದು ಹೆಸರಿಟ್ಟರು. ಕಂಪನಿಗಳು ಸತ್ತರೂ ಅವುಗಳ ಗುಣ ಸಾಯಲಿಲ್ಲ ಅಜ್ಜಿ. ಆದರೆ ನನ್ನಂಥವನಿಗೆ ಇದರಿಂದ ತೊಂದರೆಯೇನೂ ಇಲ್ಲ. ಮೂರು ಸಾವು, ಎರಡು ನಾಮಕರಣ, ಒಂದು ಎಮ್ಮೆ ಈದ ಸಮಾಚಾರ, ಮೇಲೆ ಎರಡು ಚಾಡಿಯನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವನು ನಾನು. ಜಿಲ್ಲೆಯ ಪಂದ್ಯದಲ್ಲಿ ಸತತ ಮೂರು ವರ್ಷ ಗೆದ್ದೆ. ನಾಲ್ಕನೆಯ ವರ್ಷ ಸೋತದ್ದು ನೆಗಡಿಯ ದೆಸೆಯಿಂದ. ತಮ್ಮನ ಮಗಳು ಗಿರಿಜೆ ಮಾತ್ರ, “ಕಾಕಾ, ನೀ ಒಬ್ಬಾವ ಬಾಯಿ ಮುಚ್ಚಿದ್ರ ನಮ್ಮನಿ ಉಸುರು ವರ್ಷಪೂರ್ತಿ ಸಾಲ್ತಾವು” ಎನ್ನುತ್ತಾಳೆ. ದೊಡ್ಡವರನ್ನು ಮನೆಯವರು ಎಂದೂ ಗುರುತಿಸುವುದಿಲ್ಲ.

ಹಿಂದಿನವರಿಗೆ ಬರೆಯುವ ಇಂಥ ಕಾಗದಕ್ಕೆ ‘ಹಿನ್ನೋಲೆ’ ಎನ್ನುತ್ತೇವೆ. ಅರವತ್ತು ದಾಟಿದವರಿಗೆ ಜೀವಮಾನಕ್ಕೆ ಒಂದೇ ಒಂದು. ಹೆಚ್ಚಿನವರು ತಮ್ಮ ಅಜ್ಜಂದಿರಿಗೆ ಇಂಥ ಕಡೆ ಜಾಗ ಕೊಂಡಿಡು ಎಂದು ಬರೆಯುತ್ತಾರೆ. ಯಾವ ಅಜ್ಜನೂ ನಂಬಿಲ್ಲವೆಂಬುದು ನಮ್ಮ ಇಂದಿನ ಸ್ಥಿತಿ ನೋಡಿದರೇ ತಿಳಿಯುತ್ತದೆ. ಹಿನ್ನೋಲೆ ಹೋಗಬೇಕಾದರೆ ಒಂದೇ ವಸ್ತುವಿನ ಎರಡು ಭಾಗ ಬೇಕು, ಒಂದು ಇಲ್ಲಿ, ಒಂದು ಅಲ್ಲಿ. ನನ್ನ ಹತ್ತಿರ ಇರುವುದು ಮುಚ್ಚಳವಿಲ್ಲದ ಒಂದು ಸ್ಟೀಲ್ ಡಬ್ಬಿ. ಅದರ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹತ್ತು ಅಂಕಿ, ಕೊನೆಯ ಅಂಕಿ ಏಳು, ಅದು ಸ್ವಲ್ಪ ಓರೆ. ಅಂಚೆಯ ಗುಮಾಸ್ತೆ ಅದನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, “ಕಾಕಾ, ಇದರ ಮುಚ್ಚಳ 2026ರಾಗ ಐತ್ರಿ. ದೇವರ ಜಗಲಿ ಬಾಜೂಕ, ಅರಿವ್ಯಾಗ ಸುತ್ತಿಟ್ಟಾರ” ಎಂದಳು. ನೀನು ಅದನ್ನು ಎಸೆದಿರಲಿಲ್ಲ.

ಡಬ್ಬಿ ಯಾವುದೆಂದು ಈಗ ನಿನಗೆ ಗೊತ್ತಾಗಿದೆ. ಮೂರು ವರ್ಷದ ಹಿಂದೆ ನಿನ್ನ ಮಗಳು ಕಸ್ತೂರಿ ಅವಲಕ್ಕಿ ತುಂಬಿಕೊಂಡು ಹೋದ ಡಬ್ಬಿ. ಬಸ್ ನಿಲ್ದಾಣದ ಎದುರು ಬಣ್ಣದ ಛತ್ರಿ ಹಾಕಿಕೊಂಡು ಸಿಮ್ ಮಾರುತ್ತಿದ್ದವನನ್ನು ಮದುವೆಯಾಗುತ್ತೇನೆ ಎಂದಳು. ನೀನು, “ಛತ್ರಿ ಕೆಳಗ ಕುಂತು ಸಂಸಾರ ಮಾಡ್ತಾನೇನ ಅವ?” ಎಂದೆ. ಅವಳು, “ಮಳಿ ಬಂದ್ರ ನೆನೆಯೂದರ ತಪ್ಪತೈತಿ” ಎಂದಳು. ಅವಳ ನಾಲಿಗೆ ನಿನ್ನದೇ, ನನಗೆ ಬಂದದ್ದೂ ಅದೇ. ಗಡಿಬಿಡಿಯಲ್ಲಿ ಮುಚ್ಚಳ ನಿನ್ನ ಅಡುಗೆಮನೆಯಲ್ಲೇ ಉಳಿಯಿತು. ಅವರಿಬ್ಬರೂ ವಾಸ್ಕೋಗೆ ಹೋದರು. ಅವಳ ನಂಬರ್ ನಿನ್ನ ಹತ್ತಿರ ಇಲ್ಲ. ನಿನ್ನದು ಅವಳ ಹತ್ತಿರ ಇದೆ, ಡಬ್ಬಿಯ ತಳದಲ್ಲಿ.

ಈಗ ನಿನ್ನ ಕಂಪನಿಯವರು ರೀಚಾರ್ಜಿನ ದರ ಮತ್ತೆ ಏರಿಸಿದ್ದಾರೆ. ವರ್ಷದಲ್ಲಿ ಇದು ಎರಡನೆಯ ಸಲ, ಕೇಳಿದರೆ ದಿನಕ್ಕೆ ನೂರು ಮೆಸೇಜ್ ಫ್ರೀ ಎನ್ನುತ್ತಾರೆ. ನೂರು ಮೆಸೇಜ್ ಕಳಿಸಲು ನಿನಗೆ ಯಾರಿದ್ದಾರೆ? ಬೇರೆ ಕಂಪನಿಗೆ ಹೋಗೋಣವೆಂದರೆ ಅಗ್ಗವಾಗಿರುವುದು ಅಳಿಯ ಮಾರುತ್ತಿದ್ದ ಕಂಪನಿಯದ್ದು. ಅದರ ಸಿಮ್ ನನ್ನ ಮನೆಯ ಹೊಸ್ತಿಲು ದಾಟಬಾರದು ಎಂದು ನೀನು ಆಣೆ ಮಾಡಿದ್ದೀ. ಇಂಥ ಹೊತ್ತಿನಲ್ಲಿ ಮೂರನೆಯ ಕಂಪನಿಯ ಒಬ್ಬಳು ಅಂಗಡಿಗೇ ಬಂದು, ಹೊಸ ನಂಬರ್, ಸಿಮ್ ಫ್ರೀ, ಮೂರು ತಿಂಗಳು ಅರ್ಧ ದರ ಎನ್ನುತ್ತಾಳೆ. ಹಳೆಯದರ ಗತಿಯೇನು ಎಂದು ನೀನು ಕೇಳುತ್ತೀ. “ಅದೂ ಇರ್ಲಿ ಬಿಡ್ರಿ ಅಕ್ಕಾರ, ಬರೂ ಫೋನ್ ಬರ್ತಾವು” ಎನ್ನುತ್ತಾಳೆ. ನೀನು ನಂಬುತ್ತೀ. ಹಿಂದೊಮ್ಮೆ ಜೀವನಪರ್ಯಂತ ಇನ್‌ಕಮಿಂಗ್ ಎಂದು ಸಿಮ್ ಮಾರಿದ್ದು ನಿನ್ನ ನೆನಪಿನಲ್ಲಿದೆ. ಕಂಪನಿಗಳ ಜೀವನ ನಮ್ಮ ಜೀವನದಷ್ಟು ಉದ್ದವಲ್ಲ ಅಜ್ಜಿ.

ಈ ಕಾಗದ ಸಿಗದಿದ್ದರೆ ಆಗುವುದು ಇಷ್ಟು. ಹೊಸ ಸಿಮ್ಮನ್ನು ನೀನು ದಿನಬಳಕೆಗೆ ಇಟ್ಟುಕೊಳ್ಳುತ್ತೀ. ಹಳೆಯದನ್ನು ಬಟನ್ ಫೋನಿಗೆ ಹಾಕಿ, ದಿನವೂ ತಪ್ಪದೆ ಚಾರ್ಜ್ ಮಾಡಿ, ದೊಡ್ಡ ಕೊಳಗದ ಪಕ್ಕದಲ್ಲಿ ಕಿವಿಗೆ ಬೀಳುವಂತೆ ಇಡುತ್ತೀ. ರೀಚಾರ್ಜ್ ಇಲ್ಲದ ಆ ನಂಬರ್ ಚಳಿಗಾಲ ಮುಗಿಯುವುದರೊಳಗೆ ಸತ್ತಿರುತ್ತದೆ. ನಿನಗೆ ಗೊತ್ತಿರುವುದಿಲ್ಲ, ಚಾರ್ಜ್ ಮಾಡುತ್ತಲೇ ಇರುತ್ತೀ. ಮಾರ್ಚ್ ತಿಂಗಳಲ್ಲಿ ಕಸ್ತೂರಿ ವಾಸ್ಕೋದ ಹೆರಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಡಬ್ಬಿ ಬೋರಲು ಹಾಕಿ, ಬಾಯಿಪಾಠ ಬರುವ ಅಂಕಿಗಳನ್ನೇ ಒಂದೊಂದಾಗಿ ನೋಡಿ ಒತ್ತುತ್ತಾಳೆ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಂದು ಹೆಣ್ಣಿನ ದನಿ ಹೇಳುತ್ತದೆ. “ನನ್ನ ಸಲುವಾಗಿ ನಂಬರ್ ಸೈತ ತಗದು ಒಗದಾಳ ನಮ್ಮವ್ವ” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಮತ್ತೆ ಎಂದೂ ಒತ್ತಲಿಲ್ಲ. ಸವಣೂರಿನ ಬಸ್ಸನ್ನೂ ಹತ್ತಲಿಲ್ಲ.

ನೂರು ವರ್ಷ ನಮ್ಮ ಮನೆಯಲ್ಲಿ ಇದನ್ನೇ ನಂಬಿದರು. ನಾನು ನಂಬಲಿಲ್ಲ. ಬಾಡಿಗೆ ಪಾತ್ರೆಗಳಿಗೆಲ್ಲ ನಂಬರ್ ಹೊಡೆಸಿದ ಹೆಂಗಸು ಅದನ್ನು ಒಗೆಯುವುದುಂಟೇ? ಹುಬ್ಬಳ್ಳಿಯಲ್ಲಿ ಹಳೆಯ ಕಂಪನಿಗಳ ಧ್ವನಿಗಳನ್ನೆಲ್ಲ ಇಟ್ಟಿರುವ ಉಗ್ರಾಣವಿದೆ. ಹನ್ನೊಂದು ವರ್ಷ ಅಲ್ಲಿಗೆ ಓಡಾಡಿ, ಕಾವಲುಗಾರರಿಗೆ ಚಹಾ ಕುಡಿಸಿ, ಕೊನೆಗೂ ಕಂಡುಹಿಡಿದೆ. ಓದಿದವರು ಯಾರೂ ಮಾಡಲಾಗದ ಕೆಲಸ ಅದು, ಅವರಿಗೆ ಅಷ್ಟು ಬಿಡುವು ಇರುವುದಿಲ್ಲ. 2027ರ ಏಪ್ರಿಲ್‌ನಲ್ಲಿ, ನಂಬರ್ ಸತ್ತದ್ದು ತಿಳಿದ ಮೇಲೆ, ನೀನು ಕಸ್ಟಮರ್ ಕೇರ್‌ಗೆ ಏಳು ಸಲ ಫೋನ್ ಮಾಡಿದ್ದೀ. ಏಳನ್ನೂ ನಾನು ಕೇಳಿದೆ. ಮೊದಲ ಆರು ಸಲವೂ ಒಂದೇ ಮಾತು. “ನನ್ನ ನಂಬರ್ ನನಗ ವಾಪಸ್ ಕೊಡು ತಂಗಿ.” “ಕಾರಣ ಹೇಳಿ ಮೇಡಂ.” “ಪಾತ್ರಿ ಮ್ಯಾಲೆ ಹೊಡಿಸೇನಿ. ನಾಕನೂರಾ ಹನ್ನೆರಡು ಪಾತ್ರಿ.” ಏಳನೆಯ ಸಲ ಆ ಹುಡುಗಿಗೂ ಸಾಕಾಗಿತ್ತು ಎಂದು ಕಾಣುತ್ತದೆ, ಪಾತ್ರೆಗಳಿಗೆ ಹೊಸ ನಂಬರ್ ಹಾಕಿಸಿಕೊಳ್ಳಿ ಮೇಡಂ ಎಂದಳು. ನೀನು ಉಸಿರು ಎಳೆದುಕೊಳ್ಳುವುದು ಕೇಳಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಉಸಿರು. ಆಮೇಲೆ ಹೇಳಿದೆ. “ನಾಕನೂರಾ ಹನ್ನೊಂದಕ್ಕ ಹಾಕಿಸ್ತೀನವಾ. ಒಂದು ನನ್ನ ಕೈಯಾಗ ಇಲ್ಲ.”

ಇದನ್ನು ಕೇಳಿ ಹೊರಗೆ ಬಂದಾಗ ಕಾವಲುಗಾರ, “ಯಾಕ್ರಿ ಕಾಕಾ, ಕಣ್ಣಾಗ ಏನು ಬಿತ್ತು?” ಎಂದ. ಉಗ್ರಾಣದ ಧೂಳು ಎಂದೆ. ಹನ್ನೊಂದು ವರ್ಷ ಬೀಳದ ಧೂಳು.

ಆದ್ದರಿಂದ ಈಗ ಬುದ್ಧಿ ಹೇಳುವ ಭಾಗ. ಈ ವಿಷಯದಲ್ಲಿ ಬದುಕಿರುವವರಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ, ಗಮನವಿಟ್ಟು ಕೇಳು. ಕಂಪನಿ ಬೇರೆ, ನಂಬರ್ ಬೇರೆ. ದರ ಏರಿಸಿದವರನ್ನು ಬಿಡಲು ನಂಬರ್ ಬಿಡಬೇಕಾಗಿಲ್ಲ. ನಿನ್ನ ಫೋನಿನಿಂದ ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಹತ್ತು ಅಂಕಿ ಹಾಕಿ 1900ಕ್ಕೆ ಮೆಸೇಜ್ ಮಾಡು. ಒಂದು ಗುರುತಿನ ಸಂಖ್ಯೆ ಬರುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗು. ಸಿಮ್ ಬದಲಾಗುತ್ತದೆ, ಅಂಕಿಗಳು ಅವೇ ಇರುತ್ತವೆ. ನಿನ್ನ ಕಂಪನಿಯವರು ಆಗ ಎಲ್ಲಿಲ್ಲದ ಪ್ರೀತಿಯಿಂದ ಫೋನ್ ಮಾಡಿ, ನಿಮಗಾಗಿ ವಿಶೇಷ ಆಫರ್ ಇದೆ ಎನ್ನುತ್ತಾರೆ. ಬೇಕಾದರೆ ಅಲ್ಲೇ ಇರು, ಬೇಡವಾದರೆ ಹೋಗು, ಅದು ನಿನ್ನ ಇಷ್ಟ. ನನ್ನನ್ನು ಕೇಳಿದರೆ ಅಳಿಯನ ಕಂಪನಿಗೇ ಹೋಗು. ಅಗ್ಗವೂ ಹೌದು, ಮುಂದೆ ಅವನ ಮುಖ ನೋಡುವಾಗ ಮಾತು ಶುರುಮಾಡಲು ಒಂದು ನೆಪವೂ ಆಗುತ್ತದೆ. ಆಣೆಯ ಚಿಂತೆ ಬಿಡು. ಸಿಮ್ಮನ್ನು ಹೊಸ್ತಿಲು ದಾಟಿಸದೆ ಕಿಟಕಿಯಿಂದ ಒಳಗೆ ತೆಗೆದುಕೋ.

ಕಾಗದ ಕೊಡುವಾಗ ಗುಮಾಸ್ತೆ ಎಚ್ಚರಿಸಿದಳು. ಆ ಫೋನು ನಿನಗೆ ತಲುಪಿದರೆ ಕಸ್ತೂರಿಯ ಮಗು, ಅಂದರೆ ನನ್ನ ಮುತ್ತಜ್ಜಿ, ಸವಣೂರಿನಲ್ಲಿ ಬೆಳೆಯುತ್ತಾಳೆ, ಮುಂದಿನದೆಲ್ಲ ಬೇರೆ ದಾರಿ ಹಿಡಿಯುತ್ತದೆ, “ನೀವು ನೀವಾಗಿ ಇರಲಿಕ್ಕಿಲ್ಲ ಕಾಕಾ” ಎಂದಳು. ಇಷ್ಟು ಚಂದದ ಮೂಗು ಯಾವ ದಾರಿಯಲ್ಲಿ ಹೋದರೂ ಮನೆ ಸೇರುತ್ತದೆ ಎಂದು ಹೇಳಿ ಬಂದೆ. ಮನೆಗೆ ಬಂದ ಮೇಲೆ, ನಿಜ ಹೇಳುತ್ತೇನೆ, ನದಿಯ ಕಡೆ ನೋಡುತ್ತ ಬಹಳ ಹೊತ್ತು ಕುಳಿತೆ. ಆದರೆ ನಾನು ಅರವತ್ತೊಂದು ವರ್ಷ ಬಾಯಿತುಂಬ ಮಾತಾಡಿದ್ದೇನೆ. ನನ್ನ ಮುತ್ತಜ್ಜಿಗೆ ತೊಂಬತ್ತೆರಡು ವರ್ಷದ ಬದುಕಿನಲ್ಲಿ ಅಜ್ಜಿಯ ಜೊತೆ ಒಂದು ಮಾತೂ ಸಿಗಲಿಲ್ಲ. ಆ ಡಬ್ಬಿಗೆ ಅವಳು ಸಿಕ್ಕ ಸಿಕ್ಕ ತಟ್ಟೆಗಳನ್ನೆಲ್ಲ ಮುಚ್ಚಿ ನೋಡುತ್ತಿದ್ದಳು. ಸಣ್ಣದು ಒಳಗೆ ಬೀಳುತ್ತಿತ್ತು, ದೊಡ್ಡದು ಜಾರುತ್ತಿತ್ತು. ನಾಲ್ಕು ತಲೆಮಾರು ನಾವು ಇರುವೆ ಮುತ್ತಿದ ಅವಲಕ್ಕಿ ತಿಂದಿದ್ದೇವೆ. ಕೊನೆಯ ದಿನಗಳಲ್ಲಿ ಅವಳು ನನ್ನನ್ನು ಕರೆದು, “ಅದರ ಮುಚ್ಚಳ ಎಲ್ಲೋ ಇರತೈತಿ ನೋಡೋ” ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಆ ಕಲೆ ಮನೆಗೆ ನನ್ನಿಂದ ಬಂದದ್ದು.

ಈಗ ಕೇಳಿಕೊಳ್ಳುವುದು ಒಂದೇ. 2027ರ ಮಾರ್ಚ್ ಹನ್ನೊಂದು, ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. ನೀನು ಗೊತ್ತಿಲ್ಲದ ನಂಬರುಗಳನ್ನೆಲ್ಲ ಕಂಪನಿಯವರದ್ದೆಂದು ಕತ್ತರಿಸುವವಳು. ಅವತ್ತು ಕತ್ತರಿಸಬೇಡ. ಆ ಕಡೆಯಿಂದ ಮೊದಲು ಮಾತು ಬರುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಆಮೇಲೆ ಕೂಸು ಅಳುವುದು ಕೇಳುತ್ತದೆ. ಅದಕ್ಕೆ ಶಾಲೆಯಲ್ಲಿ ದಿಯಾ ಎಂದು ಬರೆಸುತ್ತಾರೆ, ಆದರೆ ಕಸ್ತೂರಿ ಅದರ ಕಿವಿಯಲ್ಲಿ ಹೇಳಿದ ಹೆಸರು ದ್ಯಾಮವ್ವ. ಯಾರು, ಏನು, ಯಾಕೆ ಎಂದು ಕೇಳಬೇಡ. ಬಾಡಿಗೆ ಪಾತ್ರೆ ವಾಪಸ್ ತಂದವರನ್ನೆಲ್ಲ ನೀನು ಮೂವತ್ತು ವರ್ಷದಿಂದ ಮುಚ್ಚಳ ಎಲ್ಲಿ ಎಂದೇ ಮಾತಾಡಿಸಿದ್ದೀ. ಅವಳಿಗೆ ಮಾತ್ರ, “ಮುಚ್ಚಳ ನನ್ನ ಕಡೆ ಐತಿ, ಡಬ್ಬಿ ತಗೊಂಡು ಬಾ” ಎನ್ನು. ಅಷ್ಟು ಸಾಕು, ಒಂದೇ ಉಸಿರಿನಲ್ಲಿ ಆಗುತ್ತದೆ.

ಇಂತಿ, ನಿನ್ನ ಕಾಲು ಮುಟ್ಟುವಷ್ಟು ಹತ್ತಿರ ಎಂದೂ ಬರಲಾರದ,
ಯಮನೂರ

ಹೌದು ಅಜ್ಜಿ, ಛತ್ರಿಯವನ ಹೆಸರೇ. ಕಾಗದ ಹರಿಯಬೇಡ. ಹರಿಯಲೇಬೇಕೆಂದಿದ್ದರೆ ಮಾರ್ಚ್ ಹನ್ನೆರಡಕ್ಕೆ ಹರಿ.