ಜವಾನನಿಗೆ ಕೊಟ್ಟ ಕುರ್ಚಿ

ಹೊಸನಗರ
೧೫–೪–೧೯೬೪

ಅಪ್ಪಯ್ಯನಿಗೆ ಜಟ್ಟಿಂಗಪ್ಪನ ನಮಸ್ಕಾರ.

ಭಾನುವಾರ ಸೋದರಮಾವನೊಂದಿಗೆ ಶೇಷಪ್ಪನವರ ಮನೆಗೆ ಹೆಣ್ಣು ನೋಡಲು ಹೋಗಿದ್ದೆ. ಎರಡು ವರ್ಷದ ಹಿಂದೆ ನೀವೂ ನಾನೂ ಅವರ ಬಾವಿ ತೋಡಿದಾಗ ಅಂಗಳದಲ್ಲೇ ಗಂಜಿ ಬಡಿಸಿದವರು, ಈಗ ನಾನು ಸರ್ಕಾರಿ ಕಚೇರಿಯ ಜವಾನನೆಂದು ಕುರ್ಚಿ ಕೊಟ್ಟರು. ಕಚೇರಿಯಲ್ಲಿ ನಾನು ಕಡತ ಹೊರುತ್ತೇನೆ, ಅಷ್ಟೇ.

“ನಿಮ್ಮಪ್ಪ ಬಾವಿ ತೋಡ್ತಾರೆ ಅಂತ ನೆಂಟರ ಹತ್ರ ಹೇಳ್ಬ್ಯಾಡಿ, ಸಾಗುವಳಿ ಅನ್ನಿ,” ಎಂದರು ಶೇಷಪ್ಪ.

ಕಾಫಿ ತಂದ ಅವರ ಮಗಳು ಕನ್ನಮ್ಮ, “ಈ ಕಾಫಿ ಅದೇ ಬಾವಿ ನೀರಲ್ವಾ ಅಪ್ಪಯ್ಯ?” ಎಂದು ಅವರನ್ನೇ ಕೇಳಿದಳು. ಶೇಷಪ್ಪ ಪಂಚಾಂಗ ತೆರೆದು ನಿಶ್ಚಿತಾರ್ಥದ ದಿನ ಹುಡುಕತೊಡಗಿದರು.

ಹುಡುಗಿ ನನಗೆ ಒಪ್ಪಿಗೆ. ಆದರೆ ಯಾವ ಕೆಲಸ ದೊಡ್ಡದು, ಬಾವಿ ಮಾತು ಮುಚ್ಚಿಡಿ ಎಂದವರಿಗೆ ಏನು ಉತ್ತರ ಕೊಡಬೇಕು, ಒಂದೂ ತಿಳಿಯುತ್ತಿಲ್ಲ. ಮುಂದಿನ ಗುರುವಾರ ನಿಶ್ಚಿತಾರ್ಥ. ಬೇಸರಿಸದೆ ಬುಧವಾರದ ಬಸ್ಸಿಗೆ ಬನ್ನಿ. ನೀವಿಲ್ಲದೆ ಆ ಮನೆಗೆ ನಾನು ಹೋಗುವುದಿಲ್ಲ. ಅದೊಂದು ಮಾತ್ರ ಗೊತ್ತು.

ನಿಮ್ಮ ಮಗ,
ಜಟ್ಟಿಂಗಪ್ಪ